ಬಚ್ಚಲಿನ ಚಿಲಕ

ಸಿರುಗುಪ್ಪ
23 ಜೂನ್ 2024

ಪ್ರೀತಿಯ ಪರ್ವೀನ್,

ಪ್ಯಾಂಟಿನ ಜೇಬಿನಲ್ಲಿ ಕಾಗದ ಸಿಕ್ಕಿತೆಂದು ಗಾಬರಿಯಾಗಬೇಡ, ನಾನೇ ಇಟ್ಟಿದ್ದು. ಹೇಗೂ ನಿಮ್ಮೆಜಮಾನರು ಮುಸ್ತಾಕಣ್ಣ ಟೆಂಪೊದಲ್ಲಿ ಜೀನ್ಸ್ ಗಂಟು ತಂದು ಇಳಿಸುತ್ತಾರೆ, ನಾನು ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸಿ ಮಡಚಿ ಇಡುತ್ತೇನೆ, ಮುಂದಿನ ಸಲ ಬಂದಾಗ ಒಯ್ಯುತ್ತಾರೆ. ಇನ್ನು ಮೇಲೆ ಗಂಟಿನ ಮೇಲಿನ ಪ್ಯಾಂಟಿನ ಬಲಜೇಬು ನಮ್ಮಿಬ್ಬರ ಅಂಚೆಡಬ್ಬಿ. ಕುರುಗೋಡಿನ ಶಾಲೆಯಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಚೀಟಿ ದಾಟಿಸುತ್ತಿದ್ದ ನಮಗೆ ಇದೇನು ಹೊಸದಲ್ಲ.

ಫೋನ್ ಯಾಕೆ ಎತ್ತುವುದಿಲ್ಲ ಎಂದು ಬೈಯುತ್ತಿದ್ದೀಯ, ಗೊತ್ತು. ಅದು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಹೊಟ್ಟೆ ತುಂಬ ಸೋಪಿನ ನೀರು ಕುಡಿದಿದೆ. ರಿಪೇರಿಯವನು ನಾಳೆ ಬಾ, ನಾಡಿದ್ದು ಬಾ ಎನ್ನುತ್ತಿದ್ದಾನೆ.

ನಾನು ಚೆನ್ನಾಗಿದ್ದೇನೆ. ಮಗು ಹೊಟ್ಟೆಯಲ್ಲೇ ಹೋಗಿದ್ದು ಫೆಬ್ರುವರಿಯಲ್ಲಿ, ಈಗ ಜೂನ್ ಮುಗಿಯುತ್ತಾ ಬಂತು, ಓಣಿಯ ಹೆಂಗಸರು ಇನ್ನೂ ಮುಖ ಇಳಿಬಿಟ್ಟುಕೊಂಡು ಬರುತ್ತಾರೆ. ಬಂದವರು ಅಳುತ್ತಾರೆ. ನಾನು ಚಹಾ ಮಾಡಿಕೊಟ್ಟು, ಇರಲಿ ಬಿಡ್ರಿ ಎಂದು ಅವರಿಗೇ ಸಮಾಧಾನ ಹೇಳಿ ಕಳಿಸುತ್ತೇನೆ. ಮೊನ್ನೆ ಪಕ್ಕದ ಮನೆಯ ಸರೋಜಕ್ಕ ಎಷ್ಟು ಅತ್ತಳೆಂದರೆ, ಮೂಗು ಒರೆಸಿಕೊಳ್ಳುವ ಭರದಲ್ಲಿ ಮೂಗುಬಟ್ಟು ಕಳಚಿ ಚಹಾ ಲೋಟಕ್ಕೆ ಬಿತ್ತು. ಆಕೆ ಅಳು ನಿಲ್ಲಿಸಿ ಬೆರಳು ಅದ್ದಿ ಹುಡುಕತೊಡಗಿದಳು. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ.

ನಮ್ಮ ಅತ್ತೆ ಈರಮ್ಮ ಮಾತ್ರ ಅಳುವುದಿಲ್ಲ. ಅವಳಿಗೆ ಬೇರೆ ಕೆಲಸ ಸಿಕ್ಕಿದೆ, ನನ್ನ ಹಿಂದೆ ತಿರುಗುವುದು.

"ಎಲ್ಲಿ ಹೊಂಟಿ?"

"ಕಸ ಚೆಲ್ಲಾಕ."

"ತಡಿ, ನಾನೂ ಬರತೀನಿ."

ಒಂದು ಪುಟ್ಟಿ ಕಸಕ್ಕೆ ಇಬ್ಬರು ಹೆಂಗಸರು. ಊರವರು ನೋಡಿ, ಅತ್ತೆ ಸೊಸೆ ಎಷ್ಟು ಅನ್ಯೋನ್ಯ ಎಂದುಕೊಂಡಿರಬೇಕು. ಮದುವೆಯಾಗಿ ನಾಲ್ಕು ವರ್ಷ ನನ್ನ ಜೊತೆ ಸರಿಯಾಗಿ ಮಾತೇ ಆಡದವಳು ಇವಳು. ನಿನ್ನ ಸುದ್ದಿ ಬರೆ.

ನಿನ್ನ
ರೇಣುಕಾ


ಕೌಲ್ ಬಜಾರ್, ಬಳ್ಳಾರಿ
2 ಜುಲೈ 2024

ಪ್ರೀತಿಯ ರೇಣೂ,

ನಿನ್ನ ಕಾಗದ ಮೊದಲು ಸಿಕ್ಕಿದ್ದು ನಮ್ಮವರ ಕೈಗೆ. ಯಾರೋ ಹುಡುಗಿ ತನಗೇ ಬರೆದಿದ್ದಾಳೆ ಎಂದುಕೊಂಡು ಕೂದಲು ಸರಿಮಾಡಿಕೊಂಡು ಓದಲು ಕೂತರು. ಕೆಳಗೆ ನಿನ್ನ ಹೆಸರು ನೋಡಿ ಮುಖ ಸಪ್ಪೆಯಾಯಿತು.

ಸರೋಜಕ್ಕನ ಮೂಗುಬಟ್ಟಿನ ಪ್ರಸಂಗ ಓದಿ ತುಂಬ ನಕ್ಕೆ. ನೀನು ನಗುತ್ತಿದ್ದೀಯ ಎಂಬುದು ಅದಕ್ಕಿಂತ ದೊಡ್ಡ ಸಂತೋಷ. ಮಾರ್ಚಿನಲ್ಲಿ ನಾನು ಬಂದಾಗ ಗೋಡೆ ನೋಡುತ್ತಾ ಕೂತಿದ್ದೆ, ನಾನು ಹೇಳಿದ ಯಾವ ಮಾತೂ ನಿನ್ನ ಕಿವಿಗೆ ಬೀಳುತ್ತಿರಲಿಲ್ಲ. ಈಗ ಮತ್ತೆ ನಮ್ಮ ಹಳೆಯ ರೇಣುಕಾ ಸಿಕ್ಕಳು. ಅಲ್ಲಾಹನು ನಿನ್ನನ್ನು ಹೀಗೇ ಇಟ್ಟಿರಲಿ.

ನಾನೂ ಚೆನ್ನಾಗಿದ್ದೇನೆ. ಮಿಷನ್ ಮುಂದೆ ಕೂತು ಕೂತು ಸ್ವಲ್ಪ ಬೆನ್ನುನೋವು, ಅಷ್ಟೇ. ಈ ಸಲ ಮೊಹರಂಗೆ ಕುರುಗೋಡಿಗೆ ಬರಲಾಗುವುದಿಲ್ಲ. ಆರ್ಡರ್ ಬಹಳ ಇದೆ, ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ. ನಾನು ಬರಲಿಲ್ಲವೆಂದು ನೀನು ಬಳ್ಳಾರಿಗೆ ಹೊರಟುಬಿಡಬೇಡ ಮಾರಾಯ್ತಿ. ಮನೆ ತುಂಬ ಬಟ್ಟೆ ಬಿದ್ದಿದೆ, ಬಂದರೆ ನಿನ್ನನ್ನು ಎಲ್ಲಿ ಕೂರಿಸಲಿ. ಹಬ್ಬ ಕಳೆಯಲಿ, ದೀಪಾವಳಿ ಹೊತ್ತಿಗೆ ನಾನೇ ಬರುತ್ತೇನೆ.

ಅತ್ತೆ ಹಿಂದೆ ತಿರುಗುವುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ವಯಸ್ಸಾದವರಿಗೆ ಹೊತ್ತು ಹೋಗುವುದಿಲ್ಲ.

ನಿನ್ನ
ಪರ್ವೀನ್


ಸಿರುಗುಪ್ಪ
21 ಜುಲೈ 2024

ಪ್ರೀತಿಯ ಪರ್ವೀನ್,

ಮೊಹರಂಗೆ ನೀನು ಬರುವುದಿಲ್ಲ ಎಂದೆ. ಹೋಗಲಿ, ನಾನಾದರೂ ಅವ್ವನ ಮನೆಗೆ ಹೋಗಿ ಅಲಾಯಿ ಕುಣಿತ ನೋಡಿ ಬರೋಣ ಎಂದುಕೊಂಡರೆ, ಅವ್ವನೂ ಬೇಡ ಎಂದಳು. ಮನೆಗೆ ಸುಣ್ಣ ಹೊಡೆಸುತ್ತಿದ್ದಾಳಂತೆ. ಮಳೆ ಬೀಳುವ ಹೊತ್ತಿನಲ್ಲಿ ಸುಣ್ಣ ಹೊಡೆಸುವವಳು ಇಡೀ ಕುರುಗೋಡಿನಲ್ಲಿ ನಮ್ಮವ್ವ ಸಾವಂತ್ರಮ್ಮ ಒಬ್ಬಳೇ. ನಿನಗೆ ಆರ್ಡರ್, ಅವಳಿಗೆ ಸುಣ್ಣ, ನನ್ನನ್ನು ಕಂಡರೆ ಎಲ್ಲರಿಗೂ ಕೆಲಸ ನೆನಪಾಗುತ್ತದೆ.

ಇಲ್ಲಿ ಅತ್ತೆಯ ಹುಚ್ಚು ಹೆಚ್ಚಾಗಿದೆ. ಬುಧವಾರ ಸ್ನಾನಕ್ಕೆ ಹೋದರೆ ಬಚ್ಚಲಿನ ಒಳಗಡೆಯ ಚಿಲಕವೇ ಇಲ್ಲ, ಸ್ಕ್ರೂ ಕಿತ್ತ ತೂತುಗಳು ಮಾತ್ರ ಇವೆ. ಕೇಳಿದೆ.

"ತುಕ್ಕ ಹಿಡಿದಿತ್ತು, ತಗಿಸೀನಿ" ಎಂದಳು.

"ಹೊಸಾದು ಹಾಕಸ್ರಿ ಮತ್ತ."

"ಹಾಕಸೂಣು ತಗೊ, ಅವಸರ ಏನೈತಿ. ಮನ್ಯಾಗ ಇರೋರು ನಾವ ಅಲ್ಲೇನು."

ಹೋಗಲಿ ಎಂದರೆ, ನಾನು ಒಳಗಿರುವಷ್ಟು ಹೊತ್ತೂ ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಾಳೆ. ರೇಣುಕಾ, ನೀರು ಬಿಸಿ ಅದಾವೇನು. ರೇಣುಕಾ, ಸೋಪು ಐತೇನು. ಉತ್ತರ ಕೊಡುವುದು ಸ್ವಲ್ಪ ತಡವಾದರೆ ಬಾಗಿಲು ದಬ್ಬಿ ತಲೆ ಹಾಕುತ್ತಾಳೆ. ಸ್ನಾನದ ಮನೆಗೆ ಇನ್ಸ್‌ಪೆಕ್ಟರ್ ಇಟ್ಟುಕೊಂಡ ಸೊಸೆ ಎಲ್ಲಾದರೂ ಕೇಳಿದ್ದೀಯಾ?

ದಾರ ಕತ್ತರಿಸುವ ಕಟ್ಟರ್ ಕೂಡ ಈಗ ಅವಳ ಸುಪರ್ದಿಯಲ್ಲಿದೆ. ಬೆಳಿಗ್ಗೆ ಅವಳೇ ತಂದು ಕೊಡುತ್ತಾಳೆ, ನಾನು ಕೆಲಸ ಮಾಡುವಷ್ಟು ಹೊತ್ತು ಎದುರಿಗೆ ಕೂತು ಅಕ್ಕಿ ಆರಿಸುತ್ತಾಳೆ, ಎದ್ದೆನೋ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ನಾನು ಅದನ್ನು ಮಾರಿಕೊಂಡು ಓಡಿಹೋಗುತ್ತೇನೆ ಅಂತಿರಬೇಕು. ಹೀಗಾಗಿ ಕೆಲಸ ಹಿಂದೆ ಬಿದ್ದಿದೆ, ಮುಸ್ತಾಕಣ್ಣನಿಗೆ ಬೇಜಾರಾಗಬೇಡ ಎಂದು ಹೇಳು. ನನಗಂತೂ ರಾತ್ರಿ ನಿದ್ದೆ ಬರುವುದಿಲ್ಲ, ಕಟ್ಟರ್ ನನ್ನ ಹತ್ತಿರ ಇದ್ದಿದ್ದರೆ ಸುಮ್ಮನೆ ಬಿದ್ದುಕೊಳ್ಳುವ ಬದಲು ಗಂಟು ಮುಗಿಸಿಬಿಡುತ್ತಿದ್ದೆ.

ಒಂದು ಲಾಭವೂ ಆಗಿದೆ. ಊಟ ಸೇರದೆ ಎಷ್ಟು ತೆಳ್ಳಗಾಗಿದ್ದೇನೆಂದರೆ ಪಿಯುಸಿಯಲ್ಲಿ ಹೊಲಿಸಿದ್ದ ರವಿಕೆ ಮತ್ತೆ ಹಿಡಿಸುತ್ತಿದೆ. ಬಳ್ಳಾರಿಯ ಹೆಂಗಸರು ಇದಕ್ಕೆ ದುಡ್ಡು ಕೊಟ್ಟು ಜಿಮ್ಮಿನಲ್ಲಿ ಓಡುತ್ತಾರಂತೆ, ನನಗೆ ಪುಕ್ಕಟೆ.

ನಿನ್ನ
ರೇಣುಕಾ


ಕೌಲ್ ಬಜಾರ್, ಬಳ್ಳಾರಿ
30 ಜುಲೈ 2024

ಪ್ರೀತಿಯ ರೇಣೂ,

ನಿನ್ನ ಕಾಗದವನ್ನು ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬಚ್ಚಲಿನ ಇನ್ಸ್‌ಪೆಕ್ಟರ್ ಎಂಬಲ್ಲಿಗೆ ಬಂದಾಗ ಅವರು ಚಹಾ ಮೈಮೇಲೆ ಚೆಲ್ಲಿಕೊಂಡರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೀನು ಎದುರಿಗೆ ಕೂತು ಕೈ ತಿರುಗಿಸುತ್ತಾ ಹೇಳಿದಂತೆಯೇ ಇತ್ತು.

ಆದರೆ ನಿನ್ನ ಅತ್ತೆ ಮಾಡುವುದು ಅತಿಯಾಯಿತು. ಸೊಸೆಯನ್ನು ಕಳ್ಳಿಯಂತೆ ನೋಡುವುದು ಯಾವ ನ್ಯಾಯ? ನಿನ್ನ ಗಂಡ ಮಾರೇಶಣ್ಣನಾದರೂ ತಾಯಿಗೆ ಒಂದು ಮಾತು ಹೇಳಬಾರದೇ? ರೈಸ್ ಮಿಲ್ಲಿನ ಕೆಲಸ ಮುಗಿಸಿ ಬಂದು ಉಂಡು ಮಲಗಿದರೆ ಗಂಡಸಿನ ಕರ್ತವ್ಯ ಮುಗಿಯಿತೇ? ನಾನು ಹೇಳಿದೆನೆಂದು ಹೇಳಬೇಡ.

ನಿನ್ನ ಕಷ್ಟಕ್ಕೆ ನಾನೇ ಒಂದು ದಾರಿ ಮಾಡಿದ್ದೇನೆ. ಈ ಗಂಟಿನ ತಳದ ಪ್ಯಾಂಟಿನ ಎಡಜೇಬು ನೋಡು. ಹೊಸ ಕಟ್ಟರ್ ಇದೆ. ನಾನು ಉಪಯೋಗಿಸುವಂಥದ್ದೇ, ಬಹಳ ಚೂಪು, ದಾರ ತಾಗಿದರೆ ಸಾಕು. ಅತ್ತೆಗೆ ತೋರಿಸಬೇಡ. ಅವಳು ಮಲಗಿದ ಮೇಲೆ ನಿನ್ನ ಪಾಡಿಗೆ ನೀನು ಕೆಲಸ ಮಾಡಿಕೋ. ಗೆಳತಿ ಎಂದರೆ ಹೀಗಿರಬೇಕು ಎಂದು ಹೊಗಳಿ ಒಂದು ಕಾಗದ ಬರೆ.

ನನ್ನದು ಹೇಳುವಂಥ ಸುದ್ದಿ ಏನೂ ಇಲ್ಲ. ಅದೇ ಮಿಷನ್ನು, ಅದೇ ಬೆನ್ನುನೋವು.

ನಿನ್ನ
ಪರ್ವೀನ್


ಸಿರುಗುಪ್ಪ
25 ಆಗಸ್ಟ್ 2024

ಪರ್ವೀನ್,

ಗುರುವಾರ ಅವ್ವ ಬಂದಿದ್ದಳು. ಎರಡೂ ಕೈಗೆ ಹೊಸ ಹಸಿರು ಬಳೆ.

"ಎಲ್ಲಿ ಇಡಿಸಿಕೊಂಡಿ ಅವ್ವಾ?" ಎಂದೆ.

"ಸಂತ್ಯಾಗ" ಎಂದಳು. ಆಮೇಲೆ ಸೆರಗಿನೊಳಗೆ ಕೈ ಇಟ್ಟುಕೊಂಡೇ ಕೂತಳು. ಊಟ ಬಡಿಸಿದರೂ ಕೈ ಹೊರಗೆ ತೆಗೆಯಲು ಹಿಂದೆಮುಂದೆ ನೋಡಿದಳು. ನಾನು ಮತ್ತೆ ಕೇಳಲಿಲ್ಲ. ಸುಮ್ಮನೆ ಅವಳ ಕೈ ನೋಡುತ್ತಾ ಕೂತೆ. ಆಗ ಅವಳೇ ಅತ್ತಳು.

"ಪರ್ವೀನಗ ಏಳ ತಿಂಗಳ ತುಂಬ್ಯಾವು. ಉಡಿ ತುಂಬಿದ್ರು. ನಮ್ಮ ಓಣಿ ಹೆಣಮಕ್ಕಳೆಲ್ಲ ಟೆಂಪೊ ಮಾಡಿಕೊಂಡು ಹೋಗಿದ್ವಿ. ನಿನಗ ಹೇಳಬ್ಯಾಡ ಅಂದ್ರು. ನೀ ನೊಂದ್ಕೋತಿ ಅಂತ."

ಮದುವೆಯಾಗಿ ಆರು ವರ್ಷದ ಮೇಲೆ ನಿನಗೆ ಮಗುವಾಗುತ್ತಿದೆ. ಒಳ್ಳೆಯದಾಗಲಿ. ಇದನ್ನು ಮನಸ್ಸಿನಿಂದ ಬರೆಯುತ್ತಿದ್ದೇನೆ.

ಮಗು ಸತ್ತವಳನ್ನು ಉಡಿ ತುಂಬಲು ಕರೆಯುವುದಿಲ್ಲ ಎಂದು ನನಗೂ ಗೊತ್ತು. ನಮ್ಮಲ್ಲೂ ಕರೆಯುವುದಿಲ್ಲ, ನಿಮ್ಮಲ್ಲೂ ಕರೆಯುವುದಿಲ್ಲ. ಅವಳ ಕಣ್ಣು ಬೀಳುತ್ತದೆ. ನೀನು ಮಾಡಿದ್ದು ಸರಿ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ, ನಿನಗೆ ಹೇಗೆ ಇರಬೇಕು.

ಈ ಗಂಟಿನೊಂದಿಗೆ ನನ್ನ ಕೆಲಸ ಮುಗಿಯಿತು. ಮುಂದಿನದನ್ನು ಬೇರೆ ಯಾರಿಗಾದರೂ ಕೊಡಿಸು. ನನ್ನ ಮದುವೆಗೆ ನೀನು ಕೊಟ್ಟ ಹಳದಿ ಸೀರೆಯನ್ನು ಗಂಟಿನಲ್ಲಿ ಇಟ್ಟಿದ್ದೇನೆ, ನನಗೆ ಇನ್ನು ಬೇಡ. ನಾನು ಯಾರ ಕಣ್ಣಿಗೂ ಬೀಳದಿದ್ದರೆ ಎಲ್ಲರಿಗೂ ಕ್ಷೇಮ. ಮಗುವಿಗೆ ನನ್ನ ಹೆಸರು ಹೇಳಬೇಡ. ಸುಖವಾಗಿರು.

ರೇಣುಕಾ


ಕೌಲ್ ಬಜಾರ್, ಬಳ್ಳಾರಿ
27 ಆಗಸ್ಟ್ 2024

ರೇಣೂ,

ಗಂಟು ನಿನ್ನೆ ಸಂಜೆ ಬಂತು. ಸೀರೆ ನೋಡಿದೆ, ಕಾಗದ ಓದಿದೆ. ಆಮೇಲೆ ನಿನ್ನ ಹಳೆಯ ಕಾಗದಗಳನ್ನು ತೆಗೆದು ಮೊದಲಿನಿಂದ ಓದಿದೆ. ನಾನು ನಕ್ಕ ಜಾಗಗಳಲ್ಲಿ ಈಗ ನಗುವಂಥದ್ದು ಏನೂ ಇರಲಿಲ್ಲ.

ಆ ಕಟ್ಟರ್ ಎಲ್ಲಿದೆ?

ಇದನ್ನು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಅದನ್ನು ಅತ್ತೆಯ ಕೈಗೆ ಕೊಟ್ಟು ಬಾ. ನಿನ್ನ ಕಾಲಿಗೆ ಬೀಳುತ್ತೇನೆ ರೇಣೂ. ಉಳಿದದ್ದನ್ನು ಆಮೇಲೆ ಓದು, ಓದದಿದ್ದರೂ ಪರವಾಗಿಲ್ಲ.

ಮಾರೇಶಣ್ಣನಿಗೆ ಬೆಳಿಗ್ಗೆ ಫೋನ್ ಮಾಡಿದೆ. "ಆರಾಮ ಅದಾಳವ್ವಾ, ತನ್ನ ಪಾಡಿಗೆ ತಾ ಕೆಲಸ ಮಾಡಿಕೊಂಡು" ಎಂದ. ಅವಳ ಫೋನು ಇನ್ನೂ ರಿಪೇರಿ ಆಗಿಲ್ಲವೇ ಎಂದರೆ, "ಫೋನಿಗೇನಾಗೈತಿ, ಚಲೋ ಐತಲ್ಲ, ಆಕಿನ ಎತ್ತಂಗಿಲ್ಲ" ಎಂದ. ಆಗ ತಿಳಿಯಿತು. ಫೋನಿನಲ್ಲಿ ನಿನ್ನ ದನಿ ಕೇಳಿದ್ದರೆ ನನಗೆ ಗೊತ್ತಾಗುತ್ತಿತ್ತು. ಅದಕ್ಕೇ ಕಾಗದ ಹಿಡಿದೆ ನೀನು. ನಾನೂ ಖುಷಿಯಾಗಿ ಒಪ್ಪಿಕೊಂಡೆ, ಯಾಕೆಂದರೆ ನನಗೂ ನಿನ್ನ ಹತ್ತಿರ ದನಿ ಅಡಗಿಸಬೇಕಿತ್ತು.

ನಿನಗೆ ನೋವಾಗುತ್ತದೆಂದು ಹೇಳಲಿಲ್ಲ ಎಂದು ಎಲ್ಲರೂ ಹೇಳಿದೆವು. ಉಡಿ ತುಂಬುವ ಮಾತು ಬಂದಾಗ ನಮ್ಮ ಅಮ್ಮಿ, "ಆ ಹುಡುಗಿನ್ನ ಕರಿಯೂದು ಬ್ಯಾಡ, ಪಾಪ, ಆಕಿ ಜೀವ ಎಷ್ಟ ಸಂಕಟಪಡಬೇಕು" ಎಂದಳು. ನಾನು ತಲೆಯಾಡಿಸಿದೆ. ನಿನ್ನ ಮೇಲಿನ ಕರುಣೆಯಿಂದಲೇ ಸುಮ್ಮನಿದ್ದೇನೆಂದು ನಂಬಿದ್ದೆ. ನಿನ್ನೆಯಿಂದ ಅದನ್ನು ನಂಬಲು ಆಗುತ್ತಿಲ್ಲ. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅದು ಒಂದು. ಇನ್ನೊಂದು, ನೀನು ಬರೆದೆಯಲ್ಲ, ಅದೂ ಸುಳ್ಳಲ್ಲ. ಹೆದರಿದೆ ರೇಣೂ. ನಿನ್ನ ಕಣ್ಣಿಗೆ ಹೆದರಿದೆ. ಆರು ವರ್ಷ ಕಾದವಳು, ಯಾವುದಕ್ಕೆ ಹೆದರಬೇಕು ಯಾವುದಕ್ಕೆ ಹೆದರಬಾರದು ಎಂಬುದೇ ಮರೆತುಹೋಗಿತ್ತು. ನಾಲಿಗೆಯಿಂದ ಒಮ್ಮೆಯೂ ಆಡಲಿಲ್ಲ, ಒಳಗೆ ಇತ್ತು. ಇದನ್ನು ಬರೆದ ಮೇಲೆ ನೀನು ನನ್ನನ್ನು ಏನೆಂದರೂ ಸರಿ. ಇನ್ನು ನಿನಗೆ ಸುಳ್ಳು ಬರೆಯಲಾರೆ.

ಮಾರ್ಚಿನಲ್ಲಿ ಬಂದಾಗ ನಿಮ್ಮ ಹಿತ್ತಿಲಿನಲ್ಲಿ ವಾಂತಿ ಮಾಡಿಕೊಂಡೆನಲ್ಲ, ಬಸ್ಸು ಹಿಡಿಸಲಿಲ್ಲ ಎಂದೆನಲ್ಲ. ಗೋಡೆ ನೋಡುತ್ತಾ ಕೂತಿದ್ದವಳು ನೀನು ಎದ್ದು ಬಂದೆ. ನನ್ನ ಬೆನ್ನು ಸವರಿದೆ, ನಿಂಬೆಹಣ್ಣು ಹಿಂಡಿ ನೀರು ಕೊಟ್ಟೆ. ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ನಿನ್ನ ಕೈ ನನ್ನ ಬೆನ್ನ ಮೇಲಿತ್ತು, ನಾನು ಬಸ್ಸಿನ ಮೇಲೆ ಹಾಕಿ ಮಾತಾಡುತ್ತಿದ್ದೆ.

ನಾನೇ ಓಡಿ ಬರಬೇಕಿತ್ತು. ಗರ್ಭಚೀಲದ ಬಾಯಿ ಸಡಿಲ ಇದೆಯೆಂದು ಡಾಕ್ಟರು ಹೊಲಿಗೆ ಹಾಕಿದ್ದಾರೆ, ಬಸ್ಸು ಟೆಂಪೊ ಯಾವುದೂ ಕೂಡದು, ಮಂಚ ಬಿಟ್ಟು ಹೆಚ್ಚು ಓಡಾಡಕೂಡದು. ಬೆನ್ನುನೋವು ಎಂದು ಬರೆದದ್ದೂ ಇದೇ. ನಿನ್ನೆ ಕಾಗದ ಓದಿದ ಮೇಲೆ ಬುರ್ಖಾ ಹಾಕಿಕೊಂಡು ಬಾಗಿಲವರೆಗೆ ಹೋದೆ. ಹೊಟ್ಟೆ ಬಿಗಿಯಾಯಿತು. ಹಿಡಿದುಕೊಂಡು ವಾಪಸ್ಸು ಬಂದು ಮಲಗಿದೆ. ನೀನೋ ಮಗುವೋ ಎಂದಾಗ ನಾನು ಮಗು ಎಂದೆ. ಇದನ್ನೂ ಮುಚ್ಚಿಡುವುದಿಲ್ಲ.

ಒಂದೇ ಒಂದು ಕೆಲಸ ಮಾಡು. ಚಿಲಕ ಯಾಕೆ ತೆಗೆಸಿದಿರಿ ಎಂದು ಅತ್ತೆಯನ್ನು ಕೇಳು. ತುಕ್ಕು ಎಂದು ಅವಳು ಹೇಳಿದರೆ ಬಿಡಬೇಡ, ಮತ್ತೆ ಕೇಳು. ಅವಳು ನಿನ್ನನ್ನು ಕಳ್ಳಿ ಎಂದುಕೊಂಡಿಲ್ಲ. ನಾನು ದೂರದಲ್ಲಿ ಕೂತು ನಕ್ಕೆ, ಅವಳು ಬಾಗಿಲಲ್ಲಿ ನಿಂತಿದ್ದಳು.

ಈ ಕಾಗದವನ್ನು ಜೇಬಿಗೆ ಹಾಕುವುದಿಲ್ಲ. ನಮ್ಮವರು ಈಗಲೇ ಹೊರಟಿದ್ದಾರೆ, ಕೈಯಲ್ಲೇ ತಂದು ಕೊಡುತ್ತಾರೆ.

ಪರ್ವೀನ್


ಕೌಲ್ ಬಜಾರ್, ಬಳ್ಳಾರಿ
30 ಆಗಸ್ಟ್ 2024

ರೇಣೂ,

ನಮ್ಮವರು ಮಂಗಳವಾರ ಬಂದಾಗ ನೀನು ಹೊರಗೆ ಬರಲಿಲ್ಲವಂತೆ. ಅತ್ತೆ ಹೊಸ್ತಿಲಲ್ಲೇ ಕಾಗದ ಇಸಿದುಕೊಂಡು, "ಕೊಡತೀನಿ ಹೋಗಪ್ಪಾ" ಎಂದಳಂತೆ. ಕಟ್ಟರ್ ವಿಷಯವನ್ನು ಇವರು ಅವಳ ಕಿವಿಯಲ್ಲಿ ಹೇಳಿದ್ದಾರೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳಂತೆ.

ನೀನು ಹೇಗಿದ್ದೆ ಎಂದು ಕೇಳಿದೆ. "ಆರಾಮ ಅದಾಳ ತಗೊ. ಒಳಗ ಸರೋಜಕ್ಕನ ಕೂಡ ಮಾತಾಡಿಕೋಂತ ನಗಾಕತ್ತಿದ್ಲು" ಎಂದು ಇವರು ನೆಮ್ಮದಿಯಿಂದ ಹೇಳಿದರು. ನೀನು ನಗುತ್ತಿದ್ದೆ ಎಂದು ಕೇಳಿದೊಡನೆ ಫೋನ್ ಹಿಡಿದೆ.

ಅಂದಿನಿಂದ ನಿನ್ನ ಫೋನಿಗೆ ಮಾಡುತ್ತಲೇ ಇದ್ದೇನೆ. ರಿಂಗಾಗಿ ನಿಲ್ಲುತ್ತದೆ. ಮಾರೇಶಣ್ಣ ಆರಾಮ ಎನ್ನುತ್ತಾನೆ. ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಬೈದು ಬರೆ, ಶಾಪ ಹಾಕಿ ಬರೆ, ಖಾಲಿ ಹಾಳೆ ಮಡಚಿ ಕಳಿಸು. ನಿನ್ನ ಕೈಯಿಂದ ಏನಾದರೂ ಬರಲಿ.

ಪರ್ವೀನ್


ಸಿರುಗುಪ್ಪ
2 ಸೆಪ್ಟೆಂಬರ್ 2024

ಪರ್ವೀನ್,

ಇದ್ದೇನೆ.

ಕಟ್ಟರ್ ಅತ್ತೆಯ ಹತ್ತಿರ ಇದೆ. ಮುಸ್ತಾಕಣ್ಣ ಹೇಳಿದ ಮೇಲೂ ಅವಳು ನನ್ನ ಸಾಮಾನು ಹುಡುಕಲಿಲ್ಲ. ಸರೋಜಕ್ಕನನ್ನು ಕಳಿಸಿ, ಬಾಗಿಲು ಮುಂದೆ ಮಾಡಿ, ನನ್ನ ಎದುರು ಕೂತು ಕೈ ಚಾಚಿದಳು. ಎಷ್ಟು ಹೊತ್ತಾದರೂ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ನಾನು ಎದ್ದು ಅಕ್ಕಿ ಡಬ್ಬಿಯ ಹಿಂದಿನಿಂದ ತೆಗೆದು ಕೊಟ್ಟೆ. ಅದರಿಂದ ಒಂದು ದಾರವನ್ನೂ ಕತ್ತರಿಸಿರಲಿಲ್ಲ. ಇಷ್ಟಕ್ಕೆ ನಿನಗೆ ಅರ್ಥವಾಗುತ್ತದೆ, ಹೆಚ್ಚು ಬರೆಯಲಾರೆ. ನೀನು ಕಳಿಸಿದ್ದು ನಿನ್ನ ತಪ್ಪಲ್ಲ. ನಿನ್ನನ್ನು ಅಷ್ಟು ಚೆನ್ನಾಗಿ ನಗಿಸಿದ್ದು ನಾನು.

ಚಿಲಕದ ವಿಷಯ ಕೇಳಿದೆ. ಮೊದಲು ತುಕ್ಕು ಎಂದಳು. ನೀನು ಹೇಳಿದಂತೆ ಮತ್ತೆ ಕೇಳಿದೆ.

"ನೀ ಅತ್ತಿದ್ರ ನಾ ಅಂಜತಿದ್ದಿಲ್ಲ" ಎಂದಳು. "ನೀ ನಗತಿದ್ದಿ. ನಾನೂ ಹಂಗ ನಕ್ಕೀನಿ."

ನಮ್ಮವರು ಹುಟ್ಟುವ ಮುಂಚೆ ಅವಳಿಗೆ ಒಂದು ಹೆಣ್ಣುಮಗು ಹುಟ್ಟಿ ಹೋಗಿತ್ತಂತೆ. ನಮ್ಮವರಿಗೇ ಈ ಸಂಗತಿ ಗೊತ್ತಿಲ್ಲ. ಆಗ ಮನೆಯಲ್ಲಿ ಯಾರೂ ಮಗುವಿನ ಹೆಸರು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಸುಗ್ಗಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹಾಡು ಹೇಳಿ ನಗಿಸುತ್ತಿದ್ದಳಂತೆ.

"ಒಂದಿನ ಕಾಲುವಿ ಮಟ ಹೋದೆ. ದಂಡಿಗಿ ಕುಂತೆ. ಯಾರರ ಬಂದು ಇಲ್ಲ್ಯಾಕ ಕುಂತೀಯವಾ ಅಂತ ಕೇಳಿದ್ರ ಎದ್ದು ಬರತೀನಿ ಅಂತ ಕುಂತೆ. ಯಾರೂ ಬರಲಿಲ್ಲ. ಹೊತ್ತು ಮುಳುಗಿತು. ನಾನ ಎದ್ದು ಬಂದೆ. ಎಮ್ಮಿ ಹುಡುಕಾಕ ಹೋಗಿದ್ದೆ ಅಂತ ಮನ್ಯಾಗ ಹೇಳಿದೆ. ಯಾವ ಎಮ್ಮಿ ಅಂತನೂ ಯಾರೂ ಕೇಳಲಿಲ್ಲ."

ಪರ್ವೀನ್, ನಾನು ಈ ಹೆಂಗಸನ್ನು ಇನ್ಸ್‌ಪೆಕ್ಟರ್ ಎಂದು ಬರೆದು ನಿಮ್ಮನ್ನೆಲ್ಲ ನಗಿಸಿದೆ. ಅವಳಿಗೆ ಸಮಾಧಾನದ ಮಾತು ಬರುವುದಿಲ್ಲ, ಯಾರೂ ಅವಳಿಗೆ ಹೇಳಿರಲಿಲ್ಲ, ಎಲ್ಲಿಂದ ಬರಬೇಕು. ಬಂದದ್ದು ಸೋಪು ಐತೇನು ಎನ್ನುವುದು ಒಂದೇ. ಅವಳ ತೊಡೆಯ ಮೇಲೆ ತಲೆ ಇಡಬೇಕು ಎನಿಸಿತು. ಇಡಲಿಲ್ಲ, ನಮಗೆ ಅಭ್ಯಾಸವಿಲ್ಲ. ಇಬ್ಬರೂ ಕೂತು ಅಕ್ಕಿ ಆರಿಸಿದೆವು.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಕಣ್ಣಿಗೆ ಹೆದರಿದೆ ಎಂದು ನೀನು ಬರೆದದ್ದನ್ನು ಓದಿ ಕಾಗದ ಮುದುಡಿ ಎಸೆದೆ. ಆಮೇಲೆ ಎತ್ತಿಕೊಂಡು ಬಿಡಿಸಿದೆ. ಫೆಬ್ರುವರಿಯಿಂದ ನನಗೆ ನಿಜ ಹೇಳಿದವಳು ನೀನೊಬ್ಬಳೇ. ಅದಕ್ಕೆ ನಾನೂ ಹೇಳುತ್ತೇನೆ. ನಿನ್ನ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಅದು ಚೆನ್ನಾಗಿ ಹುಟ್ಟಲಿ ಎಂದೂ ಇದೆ. ಎರಡೂ ಒಟ್ಟಿಗೇ ಇವೆ, ಯಾವುದು ಯಾವಾಗ ಮೇಲೆ ಬರುತ್ತದೋ ಗೊತ್ತಿಲ್ಲ. ಮಗು ಹುಟ್ಟಿದ ಮೇಲೆ ನನ್ನನ್ನು ಕರೆಯಬೇಡ, ನಾನೇ ಬರುತ್ತೇನೆ ಎನ್ನುವವರೆಗೆ ಕರೆಯಬೇಡ. ಬೆಳಿಗ್ಗೆ ಎದ್ದಾಗ ಈಗಲೂ ಮೊದಲು ಬರುವುದು ಬದುಕು ಬೇಡ ಎನ್ನುವ ಅದೇ ಯೋಚನೆ, ಇವತ್ತೂ ಬಂತು. ಅದು ಹೋಗಿದೆ ಎಂದು ಬರೆದರೆ ಮತ್ತೆ ನಿನ್ನನ್ನು ನಗಿಸಿದಂತಾಗುತ್ತದೆ.

ಗುರುವಾರ ಅತ್ತೆ ನನ್ನನ್ನು ಬಳ್ಳಾರಿಗೆ ಕರೆತರುತ್ತಿದ್ದಾಳೆ. ಗಾಂಧಿನಗರದಲ್ಲಿ ಮನಸ್ಸಿನ ಡಾಕ್ಟರು ಇದ್ದಾರಂತೆ, ಹೆಂಗಸು. ನಮ್ಮವರಿಗೂ ಹೇಳಿದ್ದೇವೆ. ಅವರು ಮಿಲ್ಲಿಗೆ ರಜೆ ಹೇಳಿ ಬಂದರು.

ನೀನು ಅಲ್ಲಿಗೆ ಬರುವಂತಿಲ್ಲ, ನಿನ್ನ ಹೊಟ್ಟೆ ನೋಡುವ ಶಕ್ತಿ ನನಗೂ ಇಲ್ಲ. ಆದರೆ ಒಂದು ಕಷ್ಟ ಇದೆ. ಡಾಕ್ಟರು ಏನಾಗಿದೆ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅತ್ತೆಗೆ ಓದಿದವರ ಮುಂದೆ ಬಾಯಿ ಏಳುವುದಿಲ್ಲ. ನಮ್ಮವರು ಆರಾಮ ಅದಾಳ್ರಿ ಎಂದುಬಿಡುತ್ತಾರೆ. ನೀನು ಬರೆದುಕೊಡು. ಗುರುವಾರ ಬೆಳಿಗ್ಗೆ ಮುಸ್ತಾಕಣ್ಣ ಬಸ್‌ಸ್ಟ್ಯಾಂಡಿಗೆ ತಂದು ಅತ್ತೆಯ ಕೈಗೆ ಕೊಡಲಿ.

ರೇಣುಕಾ


ಕೌಲ್ ಬಜಾರ್, ಬಳ್ಳಾರಿ
5 ಸೆಪ್ಟೆಂಬರ್ 2024

ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ.

ನಾನು ರೇಣುಕಾಳ ಗೆಳತಿ. ಚಿಕ್ಕಂದಿನಿಂದ ಕುರುಗೋಡಿನಲ್ಲಿ ಅಕ್ಕಪಕ್ಕದ ಮನೆಯಲ್ಲಿ ಬೆಳೆದವರು. ನಾನು ಬರಲಾಗದ ಕಾರಣ ಈ ಕಾಗದ ಕಳಿಸುತ್ತಿದ್ದೇನೆ. ಫೆಬ್ರುವರಿಯಲ್ಲಿ ಅವಳ ಮಗು ತುಂಬಿದ ಹೊಟ್ಟೆಯಲ್ಲೇ ತೀರಿಹೋಯಿತು. ನಿದ್ದೆಯಿಲ್ಲ, ಊಟವಿಲ್ಲ. ಅವಳು ಬದುಕುವುದು ಬೇಡ ಎಂದುಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿರುವ ವಯಸ್ಸಾದ ಹೆಂಗಸು ಅವಳ ಅತ್ತೆ, ಇಷ್ಟು ದಿನ ಅವಳನ್ನು ಉಳಿಸಿದವರು ಅವರು.

ರೇಣುಕಾ ಈಗ ನಿಮ್ಮ ಮುಂದೆ ನಗುತ್ತಿರಬಹುದು. ಏನೋ ತಮಾಷೆಯ ಮಾತು ಹೇಳಿರುತ್ತಾಳೆ, ಬಹಳ ಚೆನ್ನಾಗಿ ಹೇಳುತ್ತಾಳೆ, ನಿಮಗೂ ನಗು ಬಂದಿರಬಹುದು. ನಾನೂ ನಕ್ಕಿದ್ದೆ. ನೀವು ನಕ್ಕ ತಕ್ಷಣ ಅವಳು ಸೆರಗು ಸರಿಮಾಡಿಕೊಂಡು, ಬರತೀನ್ರಿ ಎಂದು ಎದ್ದು ನಿಲ್ಲುತ್ತಾಳೆ. ದಯವಿಟ್ಟು ಅವಳನ್ನು ಕೂರಿಸಿ, ಇನ್ನೊಮ್ಮೆ ಕೇಳಿ.

ಇಂತಿ,
ಪರ್ವೀನ್